ಬೊಕೆಯೊಳಗಿನ ಹಸಿರು ಸ್ಪಂಜು ಮಣ್ಣಾಗುವುದಿಲ್ಲ

ಪ್ರಶ್ನೆ: ಫೆಬ್ರವರಿ 14ಕ್ಕೆ ಹೆಂಡತಿಗೆ ಗುಲಾಬಿ ಕೊಡಬೇಕೆಂದಿದ್ದೇನೆ. ಪ್ಲಾಸ್ಟಿಕ್ ಹಾಳೆ ಸುತ್ತಬೇಡಿ, ಬಿದಿರಿನ ಬುಟ್ಟಿಯಲ್ಲಿ ಜೋಡಿಸಿ ಕೊಡಿ ಎಂದು ಅಂಗಡಿಯಲ್ಲಿ ಹೇಳಿದ್ದೇನೆ. ಪರಿಸರಕ್ಕೆ ಇನ್ನೇನೂ ತೊಂದರೆ ಇಲ್ಲವಲ್ಲ?
– ಓದುಗರೊಬ್ಬರು, ಬಳ್ಳಾರಿ

ಹಾಳೆ ಬೇಡ ಎಂದದ್ದು ಒಳ್ಳೆಯದಾಯಿತು. ಆದರೆ ಬುಟ್ಟಿಯಲ್ಲಿ ಹೂವು ನೆಟ್ಟಗೆ ನಿಲ್ಲುವುದು ಯಾವುದರ ಮೇಲೆ? ಎಲೆ ಸರಿಸಿ ನೋಡಿ. ಇಟ್ಟಿಗೆಯಾಕಾರದ ಹಸಿರು ಸ್ಪಂಜು ಇರುತ್ತದೆ. ಪ್ರತಿ ವರ್ಷ ಈ ಸ್ಪಂಜಿನ ಬಗ್ಗೆ ಬರೆದರೂ ಮತ್ತೆ ಅದೇ ಮಾತು ಕೇಳಿಬರುತ್ತದೆ: “ಅದು ತೆಂಗಿನ ನಾರಿನಂಥದ್ದು, ಬೆರಳಿಟ್ಟರೆ ಪುಡಿಯಾಗುತ್ತದೆ, ತಿಪ್ಪೆಗೆ ಹಾಕಿದರೆ ಮಣ್ಣಾಗುತ್ತದೆ.”

ಆಗುವುದಿಲ್ಲ. ಅದು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ, ನೊರೆ ಬರಿಸಿ, ಗಟ್ಟಿ ಮಾಡಿದ ಪ್ಲಾಸ್ಟಿಕ್. ಹಸಿರು ಬಣ್ಣ ಬೆರೆಸಿದ್ದು. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದ ಜಾತಿಯದಾದ್ದರಿಂದ ಗುಜರಿಯವರಿಗೂ ಬೇಡ. ಪುಡಿಯಾಗುವುದು ಬೇರೆ, ಕೊಳೆಯುವುದು ಬೇರೆ. ಜೋಳದ ದಂಟು ತಿಪ್ಪೆಯಲ್ಲಿ ಕರಗುವುದು ಅದನ್ನು ಸೂಕ್ಷ್ಮಜೀವಿಗಳು ತಿನ್ನುವುದರಿಂದ. ಗಾಜನ್ನು ಕುಟ್ಟಿ ಹಿಟ್ಟು ಮಾಡಿದರೂ ಅದು ಗಾಜೇ. ಈ ಸ್ಪಂಜಿನದೂ ಅದೇ ಕಥೆ: ಕಣ್ಣಿಗೆ ಕಾಣದಷ್ಟು ಸಣ್ಣದಾಯಿತೆಂದರೆ ಹೋಯಿತೆಂದಲ್ಲ, ಇನ್ನು ಹೆಕ್ಕಿ ತೆಗೆಯಲು ಬರುವುದಿಲ್ಲ ಎಂದಷ್ಟೇ. ನೆನೆಸಿಟ್ಟ ನೀರನ್ನು ಮೋರಿಗೆ ಚೆಲ್ಲಿದರೆ ಪುಡಿ ಹಳ್ಳ, ಕಾಲುವೆ ಹಿಡಿದು ಗದ್ದೆಯವರೆಗೂ ಹೋಗಬಹುದು.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ನೋಡಿ. ಒಂದು ಕುಂಡದ ಮಣ್ಣಿನಲ್ಲಿ ನಾಲ್ಕು ಬೆರಳು ಆಳಕ್ಕೆ ಸ್ಪಂಜಿನ ತುಂಡೊಂದು, ಬಾಳೆಸಿಪ್ಪೆಯೊಂದು ಹೂತಿಡಿ. ಮಣ್ಣು ಒಣಗದಂತೆ ನೀರು ಹಾಕಿ. ಎರಡು ತಿಂಗಳಿಗೆ ಅಗೆದರೆ ಸಿಪ್ಪೆ ಕರಗಿರುತ್ತದೆ, ಸ್ಪಂಜು ಹಸಿರಾಗೇ ಇರುತ್ತದೆ. ಮೆಲ್ಬರ್ನಿನ ಆರ್‌ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಇದರ ಪುಡಿಯನ್ನು ನೀರಿನ ಸಣ್ಣ ಜೀವಿಗಳ ಮೇಲೆ ಪರೀಕ್ಷಿಸಿದ್ದಾರೆ. ಬಸವನಹುಳು, ಚಿಪ್ಪಿನ ಜೀವಿಗಳು ಅದನ್ನು ನುಂಗಿದವು, ಪುಡಿಯಿಂದ ವಿಷಕಾರಿ ರಾಸಾಯನಿಕವೂ ನೀರಿಗೆ ಸೋರಿತು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಹೂವಿನ ಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿದೆ.

ಹಾಗಾದರೆ ಹೂವು ನಿಲ್ಲಿಸುವುದು ಹೇಗೆ? ಹಾರ್ಡ್‌ವೇರ್ ಅಂಗಡಿಯಲ್ಲಿ ಕೋಳಿಗೂಡಿನ ತಂತಿಬಲೆ ಸಿಗುತ್ತದೆ. ಆರು ಇಂಚು ಬಾಯಿಯ ಪಾತ್ರೆಗೆ ಒಂದಡಿ ಚೌಕದ ತುಂಡು ಸಾಕು. ಅಂಚಿನ ಚೂಪು ತಂತಿಗಳನ್ನು ಒಳಕ್ಕೆ ಮಡಚಿ, ಸಡಿಲವಾಗಿ ಉಂಡೆ ಮಾಡಿ ಪಾತ್ರೆಯಲ್ಲಿ ಕೂರಿಸಿ. ಪ್ರತಿ ಕಡ್ಡಿ ಎರಡು ಮೂರು ಕಣ್ಣುಗಳನ್ನು ಹಾಯ್ದು ಹೋಗಬೇಕು, ಆಗ ವಾಲುವುದಿಲ್ಲ. ತೀರಾ ಬಿಗಿಯಾಗಿ ಹಿಸುಕಿದರೆ ಕಡ್ಡಿ ತೂರದೆ ಮುರಿಯುತ್ತದೆ. ಬಲೆಯನ್ನು ತೊಳೆದಿಟ್ಟುಕೊಂಡರೆ ಎಷ್ಟೋ ಸಲ ಬರುತ್ತದೆ.

ನಮ್ಮ ಕಡೆ ಫೆಬ್ರವರಿಯಲ್ಲೇ ಬಿಸಿಲು ಜೋರು. ತಂಪಿನಲ್ಲಿಟ್ಟು ತಂದ ಗುಲಾಬಿ ಮುಚ್ಚಿದ ಹಾಳೆಯೊಳಗೆ ಬೆವರಿದರೆ ಬೂಷ್ಟು ಹಿಡಿದು ಎಸಳು ಕಪ್ಪಾಗುತ್ತದೆ, ಹಾಳೆ ಬೇಡ ಎನ್ನಲು ಇದೂ ಕಾರಣ. ಕಡ್ಡಿಯ ತುದಿಯನ್ನು ನೀರಿನೊಳಗೇ ಓರೆಯಾಗಿ ಒಂದಿಂಚು ಕತ್ತರಿಸಿ, ಇಲ್ಲದಿದ್ದರೆ ಗಾಳಿಗುಳ್ಳೆ ಸೇರಿ ನೀರು ಮೇಲೇರದು. ನೀರಿಗೆ ತಾಗುವ ಎಲೆಗಳನ್ನೆಲ್ಲ ಕೀಳಿ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ನಿಂಬೆರಸ ಹಾಕಿ. ಬರೀ ಸಕ್ಕರೆ ಹಾಕಬೇಡಿ, ಬ್ಯಾಕ್ಟೀರಿಯಾ ಬೆಳೆದು ಕಡ್ಡಿಯ ಬಾಯಿ ಕಟ್ಟಿಕೊಳ್ಳುತ್ತದೆ. ಈ ಸೆಕೆಗೆ ದಿನವೂ ನೀರು ಬದಲಿಸಬೇಕು.

ಗುಲಾಬಿಯೇ ಆಗಬೇಕೆಂಬ ಹಟ ಇಲ್ಲದಿದ್ದರೆ ಪಕ್ಕದಲ್ಲೇ ಹೂವಿನಹಡಗಲಿ ಇದೆ. ಅಲ್ಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ ಇದೆ, ಅಂದರೆ ಆ ಊರಿನದೇ ವಿಶೇಷ ಬೆಳೆ ಎಂಬ ಅಧಿಕೃತ ಗುರುತು. ಸಿಕ್ಕರೆ ಮೊಗ್ಗಿರುವಾಗಲೇ ತಂದು, ಒದ್ದೆ ಅರಿವೆ ಹಾಸಿದ ಬಾಳೆಎಲೆಯಲ್ಲಿ ಕಟ್ಟಿಡಿ. ಸಂಜೆಗೆ ಅರಳುತ್ತದೆ. ಸ್ಪಂಜೂ ಬೇಡ, ಬಲೆಯೂ ಬೇಡ.

ಕಾಣಿಕೆಯ ಜೊತೆ ಬಲೂನು ಇಡುವವರು ಗಮನಿಸಿ: ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮಾಕೋಲ್ ಎರಡೂ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧ.

ಇಷ್ಟು ಬರೆದ ಮೇಲೆ ಮದುವೆಯ ವಿಷಯ ಬಿಡಲಾಗದು, ಯಾರೂ ಕೇಳದಿದ್ದರೂ. ನಿಮ್ಮ ಬುಟ್ಟಿಯಲ್ಲಿ ಇರುವುದು ಒಂದೇ ಸ್ಪಂಜು. ರಿಸೆಪ್ಷನ್ ವೇದಿಕೆಯ ಹೂವಿನ ಗೋಡೆಗೆ ಸಾಲು ಸಾಲು ಬೇಕು. ಒಮ್ಮೆ ಒಣಗಿದ ಸ್ಪಂಜು ಮತ್ತೆ ಸರಿಯಾಗಿ ನೀರು ಹೀರುವುದಿಲ್ಲ, ಹಾಗಾಗಿ ಮರುದಿನ ಅಷ್ಟೂ ಕಸ. ಮುಂಗಡ ಕೊಡುವ ಮೊದಲೇ ಡೆಕೊರೇಷನ್‌ನವರಿಗೆ ಬಾಳೆದಿಂಡು ಬಳಸಲು ಹೇಳಿ. ಒಂದಡಿಯ ತುಂಡುಗಳನ್ನು ಅಡ್ಡ ಮಲಗಿಸಿ, ಚೂಪು ಕಡ್ಡಿಯಿಂದ ಓರೆಯಾಗಿ ತೂತು ಮಾಡಿ ಹೂವು ಚುಚ್ಚಬೇಕು. ಸೇವಂತಿಗೆಯ ಮೆತ್ತನೆ ಕಡ್ಡಿಗೆ ಮೊದಲು ತೂತು ಮಾಡದಿದ್ದರೆ ಬಾಗುತ್ತದೆ. ದಿಂಡಿನೊಳಗಿನ ನೀರಿನಿಂದಲೇ ಒಂದು ಸಂಜೆಯ ಮಟ್ಟಿಗೆ ಹೂವು ಬಾಡದೆ ನಿಲ್ಲುತ್ತದೆ. ಮರುದಿನ ಪಿನ್ನು, ತಂತಿ ಕಿತ್ತು, ದಿಂಡನ್ನು ಕೊಚ್ಚಿ ತಿಪ್ಪೆಗೆ ಹಾಕಿ.