ಕಾಕಾನ ಮಾತ್ರೆ ಮತ್ತು ವಿಜಯಪುರದ ಬಿಸಿಲು

ಮಾರ್ಚ್ ಕೊನೆಯ ಒಂದು ಮಧ್ಯಾಹ್ನ ನಮ್ಮ ಕಾಕಾ ತಿಕೋಟಾ ಕಡೆಯ ದ್ರಾಕ್ಷಿ ತೋಟದಿಂದ ಮನೆಗೆ ಬಂದಾಗ ಅವರ ಕತ್ತು, ಮುಂಗೈ, ಪಾದಗಳೆಲ್ಲ ಕೆಂಪೇರಿ ಉರಿಯುತ್ತಿದ್ದವು. ಅಂಗಿಯ ತೋಳು ಎಲ್ಲಿ ಮುಗಿದಿತ್ತೋ ಅಲ್ಲಿಗೇ ಗೆರೆ ಕೊರೆದಂತೆ ಕೆಂಪು ನಿಂತಿತ್ತು. 'ನಲವತ್ತು ವರ್ಷ ಹೊಲದಲ್ಲಿ ದುಡಿದವರಿಗೆ ಬಿಸಿಲು ಹೊಸದೇ?' ಎಂದು ಚಿಗವ್ವ ಕೊಬ್ಬರಿ ಎಣ್ಣೆ ಹಚ್ಚುತ್ತ ಗೊಣಗಿದರು. ಬಿಸಿಲು ಹಳೆಯದೇ. ಹೊಸದೆಂದರೆ ಎರಡು ತಿಂಗಳಿಂದ ನುಂಗುತ್ತಿದ್ದ ಮಾನಸಿಕ ಕಾಯಿಲೆಯ ಮಾತ್ರೆ, ಕ್ಲೋರ್‌ಪ್ರೊಮಾಝಿನ್. ಯಾರೋ ಹೆಸರು ಹಿಡಿದು ಬೈಯುತ್ತಾರೆಂದು ರಾತ್ರಿಯಿಡೀ ಅಂಗಳದಲ್ಲಿ ಕೂರುತ್ತಿದ್ದ ಮನುಷ್ಯ ಅದನ್ನು ತೆಗೆದುಕೊಂಡ ಮೇಲೆ ಮಲಗತೊಡಗಿದ್ದರು.

ಈ ಮಾತ್ರೆಯ ವಂಶವೃಕ್ಷ ಶುರುವಾಗುವುದು ಆಸ್ಪತ್ರೆಯಲ್ಲಲ್ಲ, ಬಟ್ಟೆಗೆ ಬಣ್ಣ ಹಾಕುವ ಉದ್ಯಮದಲ್ಲಿ. 1876ರಲ್ಲಿ ಜರ್ಮನಿಯ ಹೈನ್ರಿಷ್ ಕಾರೊ ಮೆಥಿಲೀನ್ ಬ್ಲೂ ಎಂಬ ನೀಲಿಯನ್ನು ತಯಾರಿಸಿದರು. ಅದರ ರಚನೆಯನ್ನು ಬಿಡಿಸಲು ಹೊರಟ ಆಗಸ್ಟ್ ಬರ್ನ್‌ಥ್ಸೆನ್‌ಗೆ 1883ರಲ್ಲಿ ಅದರ ಅಸ್ಥಿಪಂಜರ ಸಿಕ್ಕಿತು: ಎರಡು ಬೆಂಜೀನ್ ಉಂಗುರಗಳು, ಅವುಗಳ ನಡುವೆ ಒಂದು ಬದಿಗೆ ಗಂಧಕ, ಇನ್ನೊಂದು ಬದಿಗೆ ಸಾರಜನಕ. ಅದೇ ಫೀನೋಥಯಾಜಿನ್. ಬಣ್ಣವೆಂದರೆ ಬೆಳಕನ್ನು ಹೀರುವ ವಸ್ತು ಎಂಬುದು ರಬಕವಿ-ಬನಹಟ್ಟಿಯಲ್ಲಿ ನೂಲು ಅದ್ದುವವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಕಾಕಾನ ಕತ್ತಿನ ಗೆರೆಗೂ ಈ ಗುಣಕ್ಕೂ ನಂಟಿದೆ.

ಸುಮಾರು ಐವತ್ತು ವರ್ಷ ಫೀನೋಥಯಾಜಿನ್‌ ಯಾರಿಗೂ ಬೇಕಾಗಿರಲಿಲ್ಲ. 1930ರ ದಶಕದಲ್ಲಿ ಅದು ಕೀಟನಾಶಕವಾಯಿತು, ಬೆನ್ನಲ್ಲೇ ಕುರಿಗಳಿಗೆ ಜಂತಿನ ಔಷಧಿಯೂ ಆಯಿತು. ಔಷಧಿ ಕುಡಿದ ಕುರಿಗಳ ಮೂತ್ರ ಕೆಂಪಾಗುತ್ತಿತ್ತು. ಕರುಗಳಿಗೆ ಕುಡಿಸಿ ಬಿಸಿಲಿಗೆ ಬಿಟ್ಟರೆ ಕೆಲವುಗಳ ಕಣ್ಣಿನ ಪಾರದರ್ಶಕ ಪದರ ಊದಿಕೊಂಡು ಮಂಜಾಗುತ್ತಿತ್ತು. ಬಿಸಿಲಿಗೂ ಈ ವಂಶಕ್ಕೂ ಆಗಿಬರುವುದಿಲ್ಲ ಎಂದು ದನಕರುಗಳೇ ಮೊದಲು ತೋರಿಸಿದ್ದವು.

ಮನುಷ್ಯರ ಕಡೆಗೆ ಅದನ್ನು ತಂದದ್ದು ಫ್ರಾನ್ಸಿನ ರೋನ್-ಪೂಲೆಂಕ್ ಕಂಪನಿ. ಅಲ್ಲಿ ಈ ಅಸ್ಥಿಪಂಜರಕ್ಕೆ ಬಾಲ ಜೋಡಿಸಿ ಅಲರ್ಜಿಗೆ ಪ್ರೊಮೆಥಾಝಿನ್ ಮಾಡಿದರು, ತೆಗೆದುಕೊಂಡವರು ತೂಕಡಿಸುತ್ತಿದ್ದರು. ಅಡ್ಡಪರಿಣಾಮವೆಂದು ಬೇರೆಯವರು ಬಿಟ್ಟಿದ್ದ ಆ ಮಂಪರಿನ ಮೇಲೆಯೇ ನೌಕಾಪಡೆಯ ಶಸ್ತ್ರವೈದ್ಯ ಆನ್ರಿ ಲಾಬೊರಿಗೆ ಕಣ್ಣು ಬಿತ್ತು. ಶಸ್ತ್ರಚಿಕಿತ್ಸೆಯ ಆಘಾತ ತಪ್ಪಿಸಲು ದೇಹವನ್ನು ತಣ್ಣಗಾಗಿಸಿ ಒಂದು ಬಗೆಯ ಕೃತಕ ಶಿಶಿರನಿದ್ರೆಗೆ ಕಳಿಸಬೇಕೆಂಬುದು ಅವರ ಹಂಬಲ. 1950ರ ಡಿಸೆಂಬರ್‌ನಲ್ಲಿ ಪೌಲ್ ಶಾರ್ಪಾಂತಿಯೆ ತಯಾರಿಸಿದ ಕ್ಲೋರ್‌ಪ್ರೊಮಾಝಿನ್ ಅದಕ್ಕೆ ಒದಗಿತು. ಮಿದುಳಿನಲ್ಲಿ ಮೈಶಾಖವನ್ನು ಕಾಯುವ ಕೇಂದ್ರವನ್ನೇ ಅದು ಮಂಕಾಗಿಸುತ್ತದೆ. 1952ರಲ್ಲಿ ಪ್ಯಾರಿಸ್ಸಿನ ಸೇಂತ್-ಆನ್ ಆಸ್ಪತ್ರೆಯಲ್ಲಿ ಜಾನ್ ಡಿಲೇ, ಪಿಯರ್ ಡೆನಿಕರ್ ಮಾನಸಿಕ ರೋಗಿಗಳಿಗೆ ಕೊಟ್ಟರು. ಮೊದಮೊದಲು ಮಂಜುಗಡ್ಡೆಯನ್ನೂ ಇಡುತ್ತಿದ್ದರಂತೆ. ಮದ್ದೊಂದೇ ಸಾಕೆಂದು ಆಮೇಲೆ ಗೊತ್ತಾಯಿತು. ಮಂಜುಗಡ್ಡೆ ಹೋಯಿತು, ಮದ್ದಿನ ಗುಣ ಮಾತ್ರ ಹಾಗೆಯೇ ಉಳಿಯಿತು.

ಈ ಅಣುವಿನ ಕಟ್ಟಡ ನೋಡುವಂಥದ್ದು. ಎರಡು ಬೆಂಜೀನ್ ಉಂಗುರ, ಅವನ್ನು ಗಂಧಕ-ಸಾರಜನಕ ಬೆಸೆದಾಗ ನಡುವೆ ಆಗುವ ಇನ್ನೊಂದು, ಹೀಗೆ ಮೂರು ಉಂಗುರಗಳು ಸಪಾಟಾಗಿರದೆ ರೆಕ್ಕೆ ಅರೆಮಡಿಸಿದ ಚಿಟ್ಟೆಯಂತೆ ಬಾಗಿವೆ. ಒಂದು ರೆಕ್ಕೆಯಲ್ಲಿ ಕ್ಲೋರಿನ್; ನಡುವಿನ ಸಾರಜನಕದಿಂದ ಹೊರಟ ಮೂರು ಇಂಗಾಲದ ಬಾಲದ ತುದಿಯಲ್ಲಿ ಇನ್ನೊಂದು ಸಾರಜನಕ. ಕ್ಲೋರಿನ್ ತೆಗೆದರೆ ಉಳಿಯುವ ಪ್ರೊಮಾಝಿನ್ ದುರ್ಬಲ. ಬಾಲದಲ್ಲಿ ಎರಡು ಸಾರಜನಕಗಳ ನಡುವಿನ ಅಂತರವನ್ನು ಎರಡು ಇಂಗಾಲಕ್ಕೆ ಇಳಿಸಿದರೆ ಪ್ರೊಮೆಥಾಝಿನ್‌ನಂಥ ಅಲರ್ಜಿ ಮದ್ದಿನ ಕಡೆಗೆ ಜಾರುತ್ತದೆ. ಅಷ್ಟು ಬಲ ಕೊಡುವ ಕ್ಲೋರಿನ್ನೇ ಬಿಸಿಲಿನಲ್ಲಿ ಕೈಕೊಡುತ್ತದೆ: ಅತಿನೇರಳೆ ಕಿರಣವನ್ನು ಹೀರಿದ ಅಣುವಿನಿಂದ ಅದು ಕಳಚಿಕೊಳ್ಳುತ್ತದೆ, ಉಳಿದ ತುಂಡು ಚರ್ಮದ ಜೀವಕೋಶಗಳ ಮೇಲೆ ಎರಗುತ್ತದೆ.

ಮದ್ದು ಹೇಗೆ ಕೆಲಸ ಮಾಡುತ್ತದೆಂಬ ತಿಳಿವಳಿಕೆ ಬಂದದ್ದು ತಡವಾಗಿ. 1963ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಬೆರಳು ತೋರಿಸಿದ್ದು ಡೋಪಮಿನ್ ಗ್ರಾಹಕಗಳತ್ತ, ಅಂದರೆ ಮಿದುಳಿನಲ್ಲಿ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕ ಬಂದು ಕೂರುವ ತಾಣಗಳತ್ತ. ಅಲ್ಲಿ ಅಡ್ಡ ಕೂತಾಗ ಕಿವಿಯಲ್ಲಿನ ದನಿಗಳು ಅಡಗುತ್ತವೆ. ಚಲನೆಯ ದಾರಿಯಲ್ಲೂ ಅದೇ ಗ್ರಾಹಕಗಳಿರುವುದರಿಂದ ಕೈ ನಡುಗುತ್ತದೆ, ನಡಿಗೆ ಬಿಗಿಯಾಗುತ್ತದೆ. ನಡುಕಕ್ಕೆಂದು ವೈದ್ಯರು ಟ್ರೈಹೆಕ್ಸಿಫೆನಿಡಿಲ್ ಎಂಬ ಇನ್ನೊಂದು ಮದ್ದು ಸೇರಿಸುತ್ತಾರೆ. ಎರಡೂ ಬೆವರನ್ನು ತಡೆಯುತ್ತವೆ! ನಲವತ್ತು ಡಿಗ್ರಿ ದಾಟುವ ನಮ್ಮೂರಿನ ಬೇಸಿಗೆಯಲ್ಲಿ ಬೆವರಿಲ್ಲದ ಮೈ ಎಂದರೇನೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪ್ಯಾರಿಸ್ಸಿನ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ವರವಾದದ್ದು ತಿಕೋಟಾದ ಹೊಲದಲ್ಲಿ ಕಂಟಕ. ಮಾತ್ರೆ ಬರೆದುಕೊಟ್ಟ ಚೀಟಿಯಲ್ಲಿ ಬಿಸಿಲಿನ ಬಗ್ಗೆ ಒಂದಕ್ಷರವೂ ಇರಲಿಲ್ಲ ಎಂಬುದು ನನ್ನ ತಕರಾರು.

ಮರುದಿನವೇ ಮಾತ್ರೆಯನ್ನು ತಿಪ್ಪೆಗೆ ಎಸೆಯಲು ಚಿಗವ್ವ ಸಿದ್ಧರಿದ್ದರು. ತಡೆದು ವೈದ್ಯರ ಬಳಿ ಕರೆದೊಯ್ದೆವು. ಒಮ್ಮೆಲೇ ಬಿಟ್ಟರೆ ಕಾಯಿಲೆ ಮರಳುತ್ತದೆ ಎಂದರು. 'ಧಾರವಾಡಕ್ಕೆ ಕಳಿಸಬೇಕಾಗುತ್ತದೇನು?' ಎಂದು ಕಾಕಾ ಮೆಲ್ಲನೆ ಕೇಳಿದರು. ನಮ್ಮ ಕಡೆ ಆ ಊರಿನ ಹೆಸರನ್ನು ಹಾಗೆ ಹೇಳಿದರೆ ಹುಚ್ಚಾಸ್ಪತ್ರೆ ಎಂದೇ ಅರ್ಥ. ಬೇಡ, ತುಂಬುತೋಳಿನ ಅಂಗಿ, ತಲೆಗೆ ರುಮಾಲು, ಆಗಾಗ ನೀರು, ಮಧ್ಯಾಹ್ನ ನೆರಳು ಸಾಕು ಎಂದರು ವೈದ್ಯರು. ಜ್ವರವೇರಿ ಮೈ ಸೆಟೆದರೆ ಮಾತ್ರ ಹೊತ್ತು ನೋಡದೆ ಆಸ್ಪತ್ರೆಗೆ ಓಡಿ ಎಂದೂ ಎಚ್ಚರಿಸಿದರು.

ತೋಟದವರು ಕಾಕಾನ ಕೆಲಸ ಬದಲಿಸಿಕೊಟ್ಟರು. ಈಗ ಅವರು ಒಣದ್ರಾಕ್ಷಿ ಶೆಡ್ಡಿನಲ್ಲಿ ಹಸಿರು ಬಲೆಯ ನೆರಳಿಗೆ ನಿಂತು ಗೊನೆಗಳನ್ನು ಹರವುತ್ತಾರೆ. ನೇರ ಬಿಸಿಲು ಬಿದ್ದರೆ ದ್ರಾಕ್ಷಿಯ ಬಣ್ಣವೂ ಕೆಡುತ್ತದೆಯಂತೆ.