ಮನಸ್ಸು ದೇಹವನ್ನು ನಡೆಸುವುದು ಹೇಗೆ? ಎಲಿಜಬೆತ್ ಕೇಳಿದ ಪ್ರಶ್ನೆಯಿಂದ ಒಂದು ಓದು

ದಾವಣಗೆರೆಯಲ್ಲಿ ತತ್ತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಮ್ಮಲ್ಲಿ ಹಲವರು ಮನಸ್ಸು ದೇಹಗಳ ಸಂಬಂಧದ ಅಧ್ಯಾಯವನ್ನು ವಾದಗಳ ಹೆಸರುಗಳಾಗಿ ಬಾಯಿಪಾಠ ಮಾಡುತ್ತಾರೆ. ಬದಲಿಗೆ, ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ 1643ರ ಮೇ ತಿಂಗಳಲ್ಲಿ ಫ್ರೆಂಚ್ ತತ್ತ್ವಜ್ಞಾನಿ ರೆನೆ ಡೆಕಾರ್ಟ್ ಅವರಿಗೆ ಬರೆದ ಪತ್ರದಿಂದ ಓದನ್ನು ಆರಂಭಿಸಿದರೆ, ಮುಂದಿನ ವಾದಗಳು ಯಾವ ತೊಡಕನ್ನು ಬಿಡಿಸಲು ಹೊರಟಿವೆ ಎಂಬುದು ತಿಳಿಯುತ್ತದೆ.

ಮನಸ್ಸು ಆಲೋಚಿಸುವ ದ್ರವ್ಯ, ದೇಹ ವಿಸ್ತಾರವುಳ್ಳ, ಅಂದರೆ ಜಾಗ ತುಂಬುವ ದ್ರವ್ಯ, ಇವೆರಡೂ ಸ್ವರೂಪದಲ್ಲಿಯೇ ಬೇರೆ ಎಂದು ಡೆಕಾರ್ಟ್ 1641ರಲ್ಲಿ ಪ್ರತಿಪಾದಿಸಿದ್ದರು. ಎಲಿಜಬೆತ್ ಅವರ ಆಕ್ಷೇಪ ನೇರವಾಗಿತ್ತು: ಒಂದು ವಸ್ತು ಇನ್ನೊಂದನ್ನು ತಳ್ಳಬೇಕಾದರೆ ಅದನ್ನು ತಾಗಬೇಕು, ತಾಗಲು ವಿಸ್ತಾರವಿರಬೇಕು, ವಿಸ್ತಾರವೇ ಇಲ್ಲದ ಮನಸ್ಸು ದೇಹವನ್ನು ಕದಲಿಸುವುದು ಹೇಗೆ? ಮನಸ್ಸು ಮತ್ತು ದೇಹಗಳ ಐಕ್ಯವನ್ನು ತರ್ಕದಿಂದಲ್ಲ, ನಿತ್ಯಜೀವನದ ಅನುಭವದಿಂದ ಅರಿಯಬೇಕೆಂದು ಡೆಕಾರ್ಟ್ ಉತ್ತರಿಸಿದರು. 1649ರ ಗ್ರಂಥದಲ್ಲಿ ಮೆದುಳಿನ ಪೀನಿಯಲ್ ಗ್ರಂಥಿಯನ್ನು ಆತ್ಮದ ಮುಖ್ಯ ನೆಲೆಯೆಂದು ಗುರುತಿಸಿದರು. ಆದರೆ ಎಲ್ಲಿ ಎಂದು ತೋರಿಸಿದ ಮಾತ್ರಕ್ಕೆ ಹೇಗೆ ಎಂಬುದಕ್ಕೆ ಉತ್ತರ ಸಿಕ್ಕಂತಾಗದು. ಎಲಿಜಬೆತ್ ಅವರ ಆಕ್ಷೇಪವೇ ಗಟ್ಟಿಯಾದುದು ಎಂಬುದು ನನ್ನ ಅಭಿಪ್ರಾಯ.

ಮಾಲ್‌ಬ್ರಾಂಶ್ ಮತ್ತು ಲೈಬ್ನಿಟ್ಸ್ ಎಂಬ ನಂತರದ ತತ್ತ್ವಜ್ಞಾನಿಗಳಿಬ್ಬರೂ ಮನಸ್ಸು ದೇಹಗಳ ಹೊಂದಾಣಿಕೆಯನ್ನು ದೇವರಿಗೆ ಒಪ್ಪಿಸಿದರು. ದ್ರವ್ಯ ಒಂದೇ, ಆಲೋಚನೆ ಮತ್ತು ವಿಸ್ತಾರಗಳು ಅದರ ಎರಡು ಲಕ್ಷಣಗಳು ಎಂದ ಸ್ಪಿನೋಜಾ, ಆ ಪ್ರಶ್ನೆ ಏಳುವುದಕ್ಕೇ ಅವಕಾಶ ಕೊಡಲಿಲ್ಲ.

ಇಪ್ಪತ್ತನೆಯ ಶತಮಾನದ ನಡುವೆ ತತ್ತ್ವಜ್ಞಾನಿಗಳಾದ ಪ್ಲೇಸ್ ಮತ್ತು ಸ್ಮಾರ್ಟ್, ಸಂವೇದನೆಯೆಂದರೆ ಮೆದುಳಿನ ಕ್ರಿಯೆಯೇ ಎಂದರು. ನಮ್ಮೂರಿನ ಮಿರ್ಚಿ ಮಂಡಕ್ಕಿಯಿಂದಲೇ ಇದನ್ನು ಪರೀಕ್ಷಿಸಬಹುದು. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್, ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೆ ಸ್ಪಂದಿಸುವ ನರಗ್ರಾಹಕವನ್ನೇ ಕೆರಳಿಸುತ್ತದೆ. ಆದ್ದರಿಂದ ಏನೂ ಸುಡದಿದ್ದರೂ ನಾಲಿಗೆ ಉರಿಯುತ್ತದೆ, ಕೈ ನೀರಿನ ಲೋಟದತ್ತ ಹೋಗುತ್ತದೆ. ಉರಿಯೂ ಮೆದುಳಿನ ಕ್ರಿಯೆಯೇ ಆದರೆ ಅದು ಕೈಯನ್ನು ಕದಲಿಸುವುದರಲ್ಲಿ ಒಗಟೇನೂ ಇಲ್ಲ. ಎಲಿಜಬೆತ್ ಅವರಿಗೆ ಇಲ್ಲಿ ಉತ್ತರ ಸಿಗುತ್ತದೆ. ಆದರೂ ಗ್ರಾಹಕ, ನರ, ಮೆದುಳುಗಳ ವಿವರಣೆಯನ್ನು ಎಷ್ಟೇ ವಿಸ್ತರಿಸಿದರೂ, ಆ ಉರಿ ಅನುಭವಿಸುವವನಿಗೆ ಹೇಗಿರುತ್ತದೆ ಎಂಬುದು ಅದರೊಳಗೆ ಬರುವುದಿಲ್ಲವೆಂಬುದೇ 1974ರಲ್ಲಿ ತತ್ತ್ವಜ್ಞಾನಿ ಥಾಮಸ್ ನೇಗೆಲ್ ಎತ್ತಿದ ಆಕ್ಷೇಪದ ತಿರುಳು.

ಭಾರತೀಯ ದರ್ಶನಗಳಲ್ಲಿ ಒಂದಾದ ಸಾಂಖ್ಯವನ್ನು ಇದರ ಜೊತೆಯಲ್ಲಿಯೇ ಓದಬೇಕು. ಅಲ್ಲಿ ಮನಸ್ಸು, ಬುದ್ಧಿ, ಅಹಂಕಾರಗಳೂ ದೇಹದಂತೆ ಪ್ರಕೃತಿಯ, ಅಂದರೆ ಜಡವಾದ ಮೂಲತತ್ತ್ವದ ಪರಿಣಾಮಗಳೇ ಆದ್ದರಿಂದ ಅವು ದೇಹವನ್ನು ನಡೆಸುವುದು ಸಮಸ್ಯೆಯಲ್ಲ. ಬಿರುಕು ಇರುವುದು ಪ್ರಕೃತಿಗೂ ಚೈತನ್ಯಸ್ವರೂಪನಾದ ಪುರುಷನಿಗೂ ನಡುವೆ. ಅದನ್ನು ಬೆಸೆಯಲು ಆ ದರ್ಶನದ ಗ್ರಂಥವಾದ ಸಾಂಖ್ಯಕಾರಿಕೆ ಪಂಗ್ವಂಧ ನ್ಯಾಯವನ್ನು ಹೇಳುತ್ತದೆ: ನೋಡಬಲ್ಲ ಕುಂಟನೂ ನಡೆಯಬಲ್ಲ ಕುರುಡನೂ ಕೂಡಿ ದಾರಿ ಸಾಗುವಂತೆ ಪುರುಷ ಪ್ರಕೃತಿಗಳು ಕೂಡುತ್ತವೆ. ಇದಕ್ಕೆ ಶಂಕರರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಕೊಡುವ ಖಂಡನೆ, ಎಲಿಜಬೆತ್ ಅವರ ಪ್ರಶ್ನೆಗೆ ಬಹಳ ಹತ್ತಿರದ್ದು: ಕುಂಟನು ಮಾತಿನಿಂದಲಾದರೂ ಕುರುಡನಿಗೆ ದಾರಿ ತೋರಿಸುತ್ತಾನೆ, ಆದರೆ ನಿಷ್ಕ್ರಿಯನೂ ನಿರ್ಗುಣನೂ ಆದ ಪುರುಷನಿಗೆ ಪ್ರಕೃತಿಯನ್ನು ಪ್ರವರ್ತಿಸುವಂತಹ ಯಾವ ಕ್ರಿಯೆಯೂ ಇಲ್ಲ.