ಲೆನ್ಸ್ ಕೊಳ್ಳುವ ಮುಂಚೆ ಸೂರು ನೋಡಿ

ಹೋದ ವಾರ ಸ್ಟುಡಿಯೋಗೆ ಒಬ್ಬ ಹುಡುಗ ಬಂದಿದ್ದ. ಹುಡುಗ ಅಂದರೆ ಒಂಬತ್ತು ತಿಂಗಳ ಮಗಳ ಅಪ್ಪ. ಕೈಯಲ್ಲಿ ಮದುವೆಗೆ ಮುಂಚೆ ಕೊಂಡ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಎಂಎಂ ಜೂಮ್ ಲೆನ್ಸ್. "ಸರ್, ಹೊರಗಡೆ ಫೋಟೋ ಚೆನ್ನಾಗಿ ಬರುತ್ತೆ. ಮನೆಯೊಳಗೆ ಮಗಳದ್ದು ತೆಗೆದರೆ ಎಲ್ಲಾ ಕದಡಿಹೋಗುತ್ತೆ. ಯಾವ ಲೆನ್ಸ್ ತಗೊಳ್ಳಲಿ?" ಅಂದ.

"ನಿಮ್ಮ ಹಾಲ್ ಎಷ್ಟು ಅಡಿ ಇದೆ?" ಅಂತ ಕೇಳಿದೆ.

ಅವನು ಸುಮ್ನೆ ನನ್ನ ಮುಖ ನೋಡಿದ. "ಸೀಲಿಂಗ್ ಯಾವ ಬಣ್ಣ?" ಅಂದೆ. ಲೆನ್ಸ್ ಕೇಳಿದರೆ ಈ ಮನುಷ್ಯ ಪೇಂಟಿಂಗ್ ಕಂಟ್ರಾಕ್ಟರ್ ಥರ ಮಾತಾಡ್ತಾನಲ್ಲ ಅನ್ನಿಸಿರಬೇಕು ಪಾಪ.

ನಾಮಕರಣ, ಹುಟ್ಟುಹಬ್ಬ ಅಂತ ಜನರ ಮನೆಯೊಳಗೆ ಮಕ್ಕಳ ಫೋಟೋ ತೆಗೆಯುತ್ತಾ ನನ್ನ ಅರ್ಧ ಆಯುಸ್ಸು ಕಳೆದಿದೆ. ಅದರಿಂದ ನನಗೆ ಗೊತ್ತಾದದ್ದು ಇಷ್ಟು: ಯಾವ ಲೆನ್ಸ್ ಬೇಕು ಅಂತ ಕೋಣೆಯ ಉದ್ದ ಹೇಳುತ್ತೆ. ಯಾವ ಫ್ಲ್ಯಾಶ್ ಬೇಕು, ಅಥವಾ ಬೇಕೇ ಅಂತ ಸೂರು ಹೇಳುತ್ತೆ. ಕ್ಯಾಮೆರಾ ಕಂಪನಿ ಯಾವುದು ಅನ್ನೋದು ಆಮೇಲಿನ ಮಾತು.

ಫೋಟೋ ಯಾಕೆ ಕದಡುತ್ತೆ ಅನ್ನೋದನ್ನ ಮೊದಲು ನೋಡೋಣ. ಶಟರ್ ಅಂದರೆ ಕ್ಯಾಮೆರಾ ಬೆಳಕಿಗೆ ಕಣ್ಣು ತೆರೆದಿರುವ ಹೊತ್ತು. ಅಷ್ಟರಲ್ಲಿ ಮಗು ಅಲುಗಾಡಿದರೆ ಫೋಟೋ ಕದಡುತ್ತೆ. ನಿದ್ದೆ ಮಾಡುವ ಕೂಸಿಗೆ 1/60 ಸೆಕೆಂಡ್ ಶಟರ್ ಸಾಕು. ಕೂತು ಆಡುವ ಮಗುವಿಗೆ 1/125 ಬೇಕು. ಅಂಬೆಗಾಲಿಡಲು ಶುರು ಮಾಡಿದರೆ 1/250. ಓಡಾಡುವ ಪೋರನಿಗೆ 1/500 ಇಟ್ಟರೂ ಒಮ್ಮೊಮ್ಮೆ ಬೆರಳ ತುದಿ ಕದಡಿರುತ್ತೆ. ಈಗ ಸಂಜೆ ಹೊತ್ತು ಟ್ಯೂಬ್‌ಲೈಟ್ ಉರಿಯುವ ಮಾಮೂಲಿ ಹಾಲ್ ತಗೊಳ್ಳಿ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, 1600 ಇಟ್ಟು 18-55 ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅಪರ್ಚರ್, ಅಂದರೆ ಬೆಳಕು ಒಳಬರುವ ಲೆನ್ಸಿನ ಕಿಂಡಿ, ಎಫ್ 5.6ಕ್ಕೆ ನಿಲ್ಲುತ್ತೆ. ಎಫ್ ಅಂಕಿ ಕಮ್ಮಿಯಾದಷ್ಟೂ ಕಿಂಡಿ ದೊಡ್ಡದು. ಆಗ ಸಿಗುವ ಶಟರ್ ಹೆಚ್ಚುಕಮ್ಮಿ 1/30. ಅಲ್ಲೇ ನಿಂತು ಎಫ್ 1.8 ಲೆನ್ಸ್ ಹಾಕಿದರೆ 1/300ರ ಹತ್ತಿರ ಹೋಗುತ್ತೆ. ಲೆಕ್ಕ ಬೇಕಾದವರು 5.6ರ ವರ್ಗವನ್ನು 1.8ರ ವರ್ಗದಿಂದ ಭಾಗಿಸಿ ನೋಡಿ. ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು.

"ನನ್ನ ಲೆನ್ಸಲ್ಲಿ ವಿಆರ್ ಇದೆಯಲ್ಲ ಸರ್?" ಅಂದ ಹುಡುಗ. ವಿಆರ್, ಐಎಸ್ ಅಂತ ಏನೇ ಬರೆದಿರಲಿ, ಅದು ನಿಲ್ಲಿಸೋದು ನಿಮ್ಮ ಕೈಯ ನಡುಕವನ್ನು. ಮಗಳ ಕೈಯನ್ನಲ್ಲ. ಹಿಂದಿನ ಗೋಡೆ ಗಡಿಯಾರದ ಮುಳ್ಳು ಸ್ಪಷ್ಟವಾಗಿ ಬಂದು, ಮುಂದೆ ಮಗು ಮಾತ್ರ ಮಂಜಾದ ಫೋಟೋ ಎಷ್ಟು ನೋಡಿಲ್ಲ ನಾವು?

ಹಾಗಾದರೆ ಎಫ್ 1.8 ಲೆನ್ಸ್ ಬೇಕು. ಅದರಲ್ಲಿ ಯಾವುದು? ಎಂಎಂ ಅಂಕಿ ಹೆಚ್ಚಾದಷ್ಟೂ ಲೆನ್ಸಿಗೆ ಕಾಣುವ ಅಗಲ ಕಮ್ಮಿ. ಅಂಗಡಿಯವರು ಸಾಮಾನ್ಯವಾಗಿ 50 ಎಂಎಂ ಕೈಗಿಡುತ್ತಾರೆ. ಅಗ್ಗ, ಹಗುರ, ಮುಖ ಸುಂದರವಾಗಿ ಬರುತ್ತೆ. ನಾನೂ ಮೊದಲು ಅದನ್ನೇ ಕೊಂಡಿದ್ದೆ. ಮೊದಲ ನಾಮಕರಣಕ್ಕೆ ಹೋದಾಗ ತೊಟ್ಟಿಲು, ತಾಯಿ, ಹೆಸರು ಉಸುರುವ ಸೋದರತ್ತೆ, ಮೂವರನ್ನೂ ಒಂದೇ ಫ್ರೇಮಲ್ಲಿ ಹಿಡಿಯೋಕೆ ಹಿಂದೆ ಸರಿದೆ, ಮತ್ತೂ ಸರಿದೆ, ಕೊನೆಗೆ ಅಡುಗೆಮನೆ ಬಾಗಿಲು ದಾಟಿ ಅಕ್ಕಿ ಮೂಟೆ ಮೇಲೆ ಕೂತೆ. ಅಷ್ಟರಲ್ಲಿ ಮಗುವಿಗೆ ಹೆಸರಿಟ್ಟು ಆಗಿತ್ತು.

ಇದರ ಲೆಕ್ಕ ಸುಲಭ. ಹೊಸಬರ ಕೈಲಿರುವ ಹೆಚ್ಚಿನ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಎಪಿಎಸ್-ಸಿ ಅಳತೆಯದು, ಚಿಕ್ಕದು. 10 ಅಡಿ ಕೋಣೆಯಲ್ಲಿ ನೀವು ಗೋಡೆಗೆ ಒರಗಿ ನಿಂತಿರಿ, ಮಗು ಎದುರು ಗೋಡೆಯಿಂದ ಸ್ವಲ್ಪ ಈಚೆ ಕೂತಿತು ಅಂದರೆ ನಡುವೆ ಉಳಿಯೋದು 7 ಅಡಿ. ಅಷ್ಟು ದೂರದಿಂದ 50 ಎಂಎಂ ಲೆನ್ಸಿಗೆ ಕಾಣೋದು 3 ಅಡಿ ಚಿಲ್ಲರೆ ಅಗಲ, 2 ಅಡಿ ಚಿಲ್ಲರೆ ಎತ್ತರ. ವರ್ಷದ ಮಗು ಎದ್ದು ನಿಂತರೆ ಎರಡೂವರೆ ಅಡಿ ಇರುತ್ತೆ, ಅಲ್ವಾ? ತಲೆ ಬಂದರೆ ಗೆಜ್ಜೆ ಹೋಯಿತು. ಅದೇ 35 ಎಂಎಂ ಹಾಕಿದರೆ ನಾಲ್ಕೂವರೆ ಅಡಿ ಅಗಲ, 3 ಅಡಿ ಎತ್ತರ ಸಿಗುತ್ತೆ. ಮಗು, ಪಕ್ಕದಲ್ಲಿ ಅಜ್ಜಿ, ಅಜ್ಜಿಯ ಕೈಯ ಗಿಲಕಿ ಎಲ್ಲಾ ಬರುತ್ತೆ.

ಹಾಗಾಗಿ ನನ್ನ ಮಾತು ನೇರ. ಚಿಕ್ಕ ಸೆನ್ಸರ್ ಇದ್ದು ಹಾಲ್ 12 ಅಡಿ ಒಳಗಿದ್ದರೆ 35 ಎಂಎಂ ಎಫ್ 1.8. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರ್ ಕ್ಯಾಮೆರಾ ಇದ್ದವರಿಗೆ 50 ಎಂಎಂ ಅದೇ ಕೆಲಸ ಮಾಡುತ್ತೆ. 85 ಎಂಎಂ ಅಂತ ಆಸೆ ಪಡಬೇಡಿ, ಅದು ಅಂಗಳಕ್ಕೆ. ನಂಬಿಕೆ ಬರದಿದ್ದರೆ ದುಡ್ಡು ಖರ್ಚು ಮಾಡದೇ ಪರೀಕ್ಷೆ ಮಾಡಬಹುದು. ನಿಮ್ಮ 18-55 ಲೆನ್ಸನ್ನು 35ಕ್ಕೆ ತಿರುಗಿಸಿ, ಜೂಮ್ ಬಳೆಗೆ ಒಂದು ಚೂರು ಟೇಪ್ ಹಚ್ಚಿ. ಒಂದು ವಾರ ಹಾಗೇ ತೆಗೆಯಿರಿ. ಆಮೇಲೆ 50ಕ್ಕೆ ಹಚ್ಚಿ ಇನ್ನೊಂದು ವಾರ. ಯಾವ ವಾರ ಬೆನ್ನು ಗೋಡೆಗೆ ಬಡಿಯಿತೋ ಆ ಲೆನ್ಸ್ ನಿಮ್ಮ ಮನೆಗಲ್ಲ.

ಜೂಮೇ ಬೇಕು ಅನ್ನುವವರಿಗೆ ಸಿಗ್ಮಾದ 18-50 ಎಫ್ 2.8 ಥರದ್ದು ಇದೆ. ಒಳ್ಳೇದೇ. ಆದರೆ 1.8ಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಮ್ಮಿ ಬೆಳಕು, ಬೆಲೆ ಮಾತ್ರ ಜಾಸ್ತಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ನಿಕಾನ್‌ನ ಹಳೇ 50 ಎಂಎಂ 1.8ಡಿ ತುಂಬಾ ಅಗ್ಗಕ್ಕೆ ಸಿಗುತ್ತೆ. ಆದರೆ ಡಿ3500, ಡಿ5600 ಥರದ ಕ್ಯಾಮೆರಾಗಳಲ್ಲಿ ಫೋಕಸ್ ಮೋಟರ್ ಇಲ್ಲ, ಆ ಲೆನ್ಸಿನೊಳಗೂ ಇಲ್ಲ. ಕೈಯಲ್ಲೇ ಫೋಕಸ್ ತಿರುಗಿಸಬೇಕು. ಅಂಬೆಗಾಲಿಡುವ ಮಗುವಿಗೆ ಕೈಯಲ್ಲಿ ಫೋಕಸ್ ಮಾಡೋದು ಅಂದರೆ ಕೋಳಿ ಹಿಡಿದಂಗೆ. ನಿಕಾನ್ ಆದರೆ ಎಎಫ್-ಎಸ್ ಅಂತ ಬರೆದದ್ದನ್ನೇ ತಗೊಳ್ಳಿ, ಮೋಟರ್ ಅದರೊಳಗೇ ಇರುತ್ತೆ.

1.8 ಕೈಗೆ ಬಂದ ಮೇಲೆ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಸದಾ 1.8ರಲ್ಲೇ ತೆಗೆಯುತ್ತಾರೆ. 50 ಎಂಎಂ ಲೆನ್ಸಲ್ಲಿ 1 ಮೀಟರ್ ದೂರದಿಂದ ಮುಖ ತೆಗೆದರೆ ಸ್ಪಷ್ಟವಾಗಿ ಬರುವ ಪದರ 3 ಸೆಂಟಿಮೀಟರ್ ಅಷ್ಟೇ. ಒಂದು ಕಣ್ಣು ಸರಿ ಬಂದರೆ ಇನ್ನೊಂದು ಮಸುಕು. ನಮ್ಮ ಕಡೆ ಇನ್ನೂ ಒಂದು ತಮಾಷೆ ಇದೆ, ದೃಷ್ಟಿ ಬೊಟ್ಟು. ಬೆಳ್ಳಗಿನ ಕೆನ್ನೆ ಮೇಲೆ ಕಪ್ಪು ಚುಕ್ಕೆ. ಹಳೇ ಕ್ಯಾಮೆರಾಗಳ ಆಟೋಫೋಕಸ್‌ಗೆ ಕಪ್ಪು-ಬಿಳುಪು ಸೇರುವ ಅಂಚು ಕಂಡರೆ ಪ್ರಾಣ. ಮಗು ಸ್ವಲ್ಪ ಮುಖ ತಿರುಗಿಸಿದರೆ ಸಾಕು, ಕಣ್ಣು ಬಿಟ್ಟು ಬೊಟ್ಟಿಗೆ ಹೋಗಿ ಕೂರುತ್ತೆ. ಒಂದು ಸಲ ಹುಟ್ಟುಹಬ್ಬದ ಆಲ್ಬಮ್ ನೋಡಿದ ಅಜ್ಜಿ "ಬೊಟ್ಟು ಮಾತ್ರ ಎಷ್ಟು ಚೆಂದ ಬಂದದೆ ನೋಡು" ಅಂದಿದ್ದರು. ಹೊಗಳಿದರೋ ಬೈದರೋ ಇವತ್ತಿಗೂ ಗೊತ್ತಿಲ್ಲ. ಆಮೇಲಿಂದ ಒಂದೇ ಫೋಕಸ್ ಪಾಯಿಂಟ್ ಆರಿಸಿ, ಹತ್ತಿರದ ಕಣ್ಣಿನ ಮೇಲೆ ಇಟ್ಟು, ಅಪರ್ಚರ್ 2.2 ಅಥವಾ 2.8 ಮಾಡುತ್ತೇನೆ. ಕಮ್ಮಿಯಾದ ಬೆಳಕಿಗೆ ಐಎಸ್‌ಒ 3200ಕ್ಕೆ ಏರಿಸುತ್ತೇನೆ. ಫೋಟೋದಲ್ಲಿ ಸ್ವಲ್ಪ ರವೆ ರವೆ ಕಂಡರೆ ಕಾಣಲಿ. ಪ್ರಿಂಟ್ ಹಾಕಿದಾಗ ಯಾರೂ ಅದನ್ನು ಕೇಳಲ್ಲ. ಕದಡಿದ ಮುಖಕ್ಕೆ ಮಾತ್ರ ಮದ್ದಿಲ್ಲ.

ಹಗಲು ಹೊತ್ತಾದರೆ ಇಷ್ಟೇ ಸಾಕು. ಮಂಚವನ್ನು ಕಿಟಕಿ ಹತ್ತಿರ ಎಳೆಯಿರಿ, ಟ್ಯೂಬ್‌ಲೈಟ್ ಆರಿಸಿ. ಕಿಟಕಿ ಬೆಳಕಿಗೂ ಬಲ್ಬ್ ಬೆಳಕಿಗೂ ಬಣ್ಣ ಬೇರೆ, ಎರಡೂ ಸೇರಿದರೆ ಮಗುವಿನ ಮುಖದ ಒಂದು ಕಡೆ ಅರಿಶಿನ, ಇನ್ನೊಂದು ಕಡೆ ನೀಲಿ. ಹಳೇ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇದ್ದರಂತೂ ಅದರ ಕೆಳಗಿಂದ ಒಂದೆರಡು ಅಡಿ ಪಕ್ಕಕ್ಕೆ ಚಾಪೆ ಹಾಸಿ. ಅಂಥ ಬೆಳಕನ್ನು ಯಾವ ಸ್ಟುಡಿಯೋದಲ್ಲೂ ನಾನು ಕಂಡಿಲ್ಲ.

ರಾತ್ರಿಗೆ ಫ್ಲ್ಯಾಶ್ ಬೇಕು. ಎಲ್‌ಇಡಿ ಬಲ್ಬ್ ಸಾಕಲ್ಲ ಅಂದರೆ ಅದರಲ್ಲೂ ಒಂದು ಕಿರಿಕಿರಿ ಇದೆ. ನಮ್ಮ ಕರೆಂಟ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತೆ. ಕಣ್ಣಿಗೆ ಕಾಣಲ್ಲ. 1/250ರಲ್ಲಿ ತೆಗೆದರೆ ಒಂದು ಫೋಟೋ ಬೆಳಗಿ ಇನ್ನೊಂದು ಮಂಕಾಗುತ್ತೆ, ಇಲ್ಲವೇ ಅಡ್ಡಪಟ್ಟಿ ಬರುತ್ತೆ.

ಫ್ಲ್ಯಾಶ್ ಅಂದಾಗ ಕ್ಯಾಮೆರಾ ತಲೆ ಮೇಲೆ ಪುಟಕ್ಕನೆ ಏಳುವ ಆ ಚಿಕ್ಕದನ್ನು ಮರೆತುಬಿಡಿ. ಅದರ ಬೆಳಕು ಮುಖಕ್ಕೆ ನೇರ ಬಡಿಯುತ್ತೆ. ಮೂಗು, ಹಣೆ ಹೊಳೆಯುತ್ತೆ, ಹಿಂದಿನ ಗೋಡೆ ಮೇಲೆ ಕಪ್ಪು ನೆರಳು. ಬೇಕಾದ್ದು ತಲೆ ಮೇಲಕ್ಕೂ ಪಕ್ಕಕ್ಕೂ ತಿರುಗುವ ಬಿಡಿ ಫ್ಲ್ಯಾಶ್. ಅದನ್ನು ಸೂರಿಗೆ ಹೊಡೆದರೆ ಬಿಳೀ ಸೀಲಿಂಗೇ ಒಂದು ದೊಡ್ಡ ದೀಪವಾಗುತ್ತೆ. ಇದನ್ನೇ ನಾವು ಬೌನ್ಸ್ ಅನ್ನೋದು. ನೆಟ್ಟಗೆ ಮೇಲಕ್ಕೆ ಹೊಡೆಯಬೇಡಿ, ಕಣ್ಣು ಗುಳಿ ಬಿದ್ದ ಹಾಗೆ ಕಾಣುತ್ತೆ. ನಿಮ್ಮ ಹೆಗಲ ಮೇಲಿಂದ ಹಿಂದಕ್ಕೆ ವಾಲಿಸಿ.

ನನ್ನ ಸೆಟ್ಟಿಂಗ್ ಇದು: 35 ಎಂಎಂ, ಎಫ್ 4, 1/125, ಐಎಸ್‌ಒ 800. ಎಫ್ 4 ಯಾಕೆ ಅಂದರೆ 7 ಅಡಿ ದೂರದಲ್ಲಿ ಸುಮಾರು ಒಂದೂಮುಕ್ಕಾಲು ಅಡಿ ಆಳ ಸ್ಪಷ್ಟ ಸಿಗುತ್ತೆ. ತಾಯಿ, ಮಡಿಲಲ್ಲಿ ಮಗು ಇಬ್ಬರೂ ಅದರೊಳಗೆ. ಐಎಸ್‌ಒ 800 ಯಾಕೆ ಅಂದರೆ 100ರಲ್ಲಿ ಬೇಕಾದ ಬೆಳಕಿನ ಎಂಟರಲ್ಲಿ ಒಂದು ಪಾಲು ಸುರಿದರೆ ಸಾಕು. ಫ್ಲ್ಯಾಶ್ ಬೇಗ ಮತ್ತೆ ತಯಾರಾಗುತ್ತೆ. ಮಗು ನಕ್ಕಾಗ ಫ್ಲ್ಯಾಶ್ ಕುಂಯ್ ಅಂತ ಚಾರ್ಜ್ ಆಗುತ್ತಾ ಇದ್ದರೆ ಏನು ಬಂತು? ಶಟರ್ 1/200 ದಾಟಿಸಬೇಡಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದರ ಆಚೆ ಫೋಟೋದ ಒಂದು ಅಂಚು ಕಪ್ಪಾಗುತ್ತೆ.

ಟಿಟಿಎಲ್ ಬೇಕಾ, ಅಂದರೆ ಬೆಳಕನ್ನು ತಾನೇ ಅಳೆಯುವ ಫ್ಲ್ಯಾಶ್ ಬೇಕಾ? ನೇರ ಹೊಡೆಯುವವರಿಗೆ ಬೇಕು. ಸೂರಿಗೆ ಹೊಡೆಯುವವರಿಗೆ ಅಷ್ಟೇನೂ ಬೇಡ. ಮಗು ಕೋಣೆಯಲ್ಲಿ ಆಚೀಚೆ ಹೋದರೂ ಸೂರು ಅಲ್ಲೇ ಇರುತ್ತಲ್ಲ. ಗೊಡಾಕ್ಸ್ ಟಿಟಿ600 ಥರದ ಕೈಯಲ್ಲೇ ಹೊಂದಿಸುವ ಫ್ಲ್ಯಾಶ್ ಸಾಕು. ಮೂರು ಫೋಟೋ ಹಾಳು ಮಾಡಿ ಪವರ್ ಹೊಂದಿಸಿಕೊಂಡರೆ ಸಂಜೆಯಿಡೀ ಮುಟ್ಟಬೇಕಿಲ್ಲ.

ಆದರೆ ಎಲ್ಲ ಸೂರೂ ಬಿಳಿ ಇರಲ್ಲ. ತೀರ್ಥಹಳ್ಳಿ ಕಡೆ ಒಂದು ಹೆಂಚಿನ ಮನೆ. ಹೊಗೆ ಹಿಡಿದು ಕಪ್ಪಾದ ತೊಲೆ, ಮೇಲೆ ಹೆಂಚು. ಬೌನ್ಸ್ ಮಾಡಿದೆ, ಬೆಳಕು ಮೇಲೆ ಹೋಗಿದ್ದು ವಾಪಸ್ ಬರಲೇ ಇಲ್ಲ. ಪವರ್ ಪೂರ್ತಿ ಏರಿಸಿದರೆ ಎಲ್ಲರ ಮುಖಕ್ಕೂ ಕೆಮ್ಮಣ್ಣು ಬಳಿದ ಹಾಗೆ. ಪಕ್ಕದ ಗೋಡೆಗೆ ಹೊಡೆಯೋಣ ಅಂದರೆ ಗೋಡೆ ಹಸಿರು. ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದೆ. ಮನೆಯ ಅಜ್ಜ ಬಂದು ಕೇಳಿದರು, ಹೇಳಿದೆ. "ನಿಂಗೆ ಬಿಳೀದು ಬೇಕು, ಅಷ್ಟೇ ಅಲ್ದಾ ಮಾರಾಯ?" ಅಂತ ಹಗ್ಗದ ಮೇಲೆ ಒಣಗಿದ್ದ ಪಂಚೆ ತಂದು ಬಾಗಿಲಿಗೆ ಅಡ್ಡ ಇಳಿಬಿಟ್ಟರು. ಫ್ಲ್ಯಾಶನ್ನು ಪಂಚೆಗೆ ತಿರುಗಿಸಿದೆ. ಕಿಟಕಿ ಪಕ್ಕ ಕೂತ ಹಾಗೆ ಬೆಳಕು ಬಂತು. ಅವತ್ತಿಂದ ನನ್ನ ಬ್ಯಾಗಲ್ಲಿ ಒಂದು ಪಂಚೆ ಇದ್ದೇ ಇರುತ್ತೆ.

ತಾಯಂದಿರು ತಪ್ಪದೇ ಕೇಳುವ ಪ್ರಶ್ನೆ, ಫ್ಲ್ಯಾಶಿಂದ ಕೂಸಿನ ಕಣ್ಣಿಗೆ ತೊಂದರೆಯಾ? ಕ್ಯಾಮೆರಾ ಫ್ಲ್ಯಾಶಿಂದ ಮಗುವಿನ ಕಣ್ಣು ಹಾಳಾಗಲ್ಲ ಅನ್ನೋದು ಕಣ್ಣಿನ ಡಾಕ್ಟರುಗಳ ಮಾತು. ಆದರೂ ಎಳೇ ಕೂಸಿನ ಮುಖಕ್ಕೆ ನಾನು ನೇರ ಹೊಡೆಯಲ್ಲ, ಬೆಚ್ಚಿ ಬೀಳುತ್ತೆ. ಬೇರೆ ಒಂದು ವಿಷಯ ಮಾತ್ರ ಎಲ್ಲರಿಗೂ ಹೇಳುತ್ತೇನೆ. ನೇರ ಫ್ಲ್ಯಾಶ್ ಫೋಟೋದಲ್ಲಿ ಕಣ್ಣ ಪಾಪೆ ಕೆಂಪಗೆ ಬರೋದು ಸಹಜ. ಒಂದು ಕಣ್ಣು ಕೆಂಪಾಗಿ, ಇನ್ನೊಂದು ಬೆಳ್ಳಗೆ ಹೊಳೆದರೆ, ಅದೂ ಬೇರೆ ಬೇರೆ ಫೋಟೋಗಳಲ್ಲಿ ಹಾಗೇ ಕಂಡರೆ, ತಡ ಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಬೆಳಕು ಬಿದ್ದ ಕೋನದಿಂದಲೂ ಹಾಗೆ ಕಾಣಬಹುದು. ಆದರೆ ಪೊರೆ ಇರಬಹುದು, ರೆಟಿನೋಬ್ಲಾಸ್ಟೋಮಾ ಅನ್ನುವ ಕಣ್ಣಿನ ಕ್ಯಾನ್ಸರ್ ಕೂಡ ಇರಬಹುದು. ಫೋಟೋ ತಿದ್ದುವಾಗ ಇಂಥದ್ದು ಕಂಡರೆ ನಾನು ಬಣ್ಣ ಸರಿಮಾಡಿ ಸುಮ್ಮನಾಗಲ್ಲ, ಮನೆಯವರಿಗೆ ಫೋನ್ ಮಾಡುತ್ತೇನೆ.

ಆ ಹುಡುಗ ನಿನ್ನೆ ಫೋನ್ ಮಾಡಿದ್ದ. "ಸರ್, ಅಳೆದೆ. ಹಾಲ್ 11 ಅಡಿ."

"35 ತಗೊಳ್ಳಿ. ಸೀಲಿಂಗ್?"

"ಹಾಲಿಂದು ಬಿಳಿ ಸರ್. ಆದರೆ ಮಗಳು ಜಾಸ್ತಿ ಆಡೋದು ಅವಳ ರೂಮಲ್ಲಿ. ಅಲ್ಲಿ ಹೋದ ತಿಂಗಳಷ್ಟೇ ಸೀಲಿಂಗ್‌ಗೆ ಕಡುನೀಲಿ ಹೊಡೆಸಿ ನಕ್ಷತ್ರ ಅಂಟಿಸಿದ್ದೀವಿ."

"ಮನೇಲಿ ಪಂಚೆ ಇದೆಯೇನ್ರೀ?" ಅಂದೆ.